ತೈಲಬಾವಿಯ ಖರ್ಚು: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು



ತಂತ್ರಜ್ಞಾನದ ವಿಚಾರಗಳು ಕನ್ನಡದಲ್ಲಿ, ಕನ್ನಡಿಗರ ಎದುರಿಗೆ ಚರ್ಚೆಯಾಗಬೇಕು ಎಂಬ ಆಸೆಯಿಂದ ಹುಟ್ಟಿದ ದತ್ತಿ ಉಪನ್ಯಾಸ ಇದು. ಇಂದು ನಾನು ಆರಿಸಿಕೊಂಡ ವಿಷಯ ತೈಲಬಾವಿ ಕೊರೆಯುವ ಖರ್ಚನ್ನು ಇಳಿಸುವ ಬಗೆ.

ತೈಲ ಕೊಡುವ ಬಾವಿ ಕರ್ನಾಟಕದ ನೆಲದಲ್ಲಿಲ್ಲ. ಆದರೆ ಮಂಗಳೂರಿನಲ್ಲಿ ಎಂಆರ್‌ಪಿಎಲ್ ಶುದ್ಧೀಕರಣಾಗಾರವಿದೆ. ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ಬಂಡೆಯೊಳಗೆ ಗುಹೆ ಕೊರೆದು, ಎರಡೂ ಕಡೆ ಸೇರಿ 40 ಲಕ್ಷ ಟನ್ ಕಚ್ಚಾತೈಲ ಹಿಡಿಸುವಷ್ಟು ತುರ್ತು ಸಂಗ್ರಹದ ಜಾಗ ಮಾಡಿದ್ದಾರೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಹಾಗಾಗಿ ಟೆಕ್ಸಾಸ್‌ನಲ್ಲಾಗಲಿ ಬಾಂಬೆ ಹೈನಲ್ಲಾಗಲಿ ಒಂದು ಬಾವಿಗೆ ಎಷ್ಟು ಹಣ ಸುರಿಯಬೇಕಾಯಿತು ಎಂಬುದು ನಮ್ಮ ಟ್ರ್ಯಾಕ್ಟರಿನ ಡೀಸೆಲ್ ತನಕವೂ ಬಂದು ತಲುಪುತ್ತದೆ.

ವಿಷಯವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು, ಬಾವಿಯ ಹಣ ಹೋಗುವುದೆಲ್ಲಿಗೆ ಎಂಬುದು. ಎರಡನೆಯದು ಬಂಡೆ ಕಡಿಯುವ ಬಿಟ್ಟು, ಬಾವಿಯನ್ನು ಕುಸಿಯದಂತೆ ಹಿಡಿಯುವ ಮಡ್ ಮತ್ತು ಕೇಸಿಂಗ್. ಮೂರನೆಯದು ಕೊರೆಯುವ ಜನರ ಕಲಿಕೆ ಮತ್ತು ಅವರೊಂದಿಗಿನ ಕರಾರು. ಕೊನೆಯದು ಕೈ ಹಾಕಬಾರದ ಖರ್ಚುಗಳು. ಎರಡನೆಯದಕ್ಕೂ ಕೊನೆಯದಕ್ಕೂ ತುಸು ಹೆಚ್ಚು ಹೊತ್ತು ಬೇಕಾಗುತ್ತದೆ, ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ.

ಮೊದಲ ಭಾಗಕ್ಕೆ ಬರೋಣ.

ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸುವ ರೈತನಿಗೆ ಲೆಕ್ಕ ಚೆನ್ನಾಗಿ ಗೊತ್ತು. ತಿರುಚೆಂಗೋಡಿನಿಂದ ಬಂದ ಲಾರಿಯವರು ಅಡಿಗೆ ಇಷ್ಟು ಎಂದು ಹೇಳುತ್ತಾರೆ. ಆಳ ಹೆಚ್ಚಿದಂತೆ ಅಡಿಯ ದರ ಏರುತ್ತದೆ, ಕೇಸಿಂಗ್ ಪೈಪಿನ ದುಡ್ಡು ಬೇರೆ. ರಿಗ್ ಎಷ್ಟು ಗಂಟೆ ನಿಂತಿತ್ತು ಎಂಬುದು ರೈತನ ಚಿಂತೆಯಲ್ಲ. ತೈಲಬಾವಿಯಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗು. ಅಲ್ಲಿ ರಿಗ್ಗಿಗೆ ದಿನಬಾಡಿಗೆ. ಕೊರೆಯಲಿ, ಸುಮ್ಮನೆ ನಿಲ್ಲಲಿ, ಬಾಡಿಗೆ ಓಡುತ್ತಲೇ ಇರುತ್ತದೆ. 2013ರ ಸುಮಾರಿಗೆ ಆಳ ಸಮುದ್ರದಲ್ಲಿ ಕೊರೆಯುವ ಹಡಗೊಂದರ ಬಾಡಿಗೆ ದಿನಕ್ಕೆ 6 ಲಕ್ಷ ಡಾಲರ್ ದಾಟಿತ್ತು. ರಿಗ್ಗಿನ ಜೊತೆಗೆ ಮಡ್ ನೋಡಿಕೊಳ್ಳುವವರು, ಸಿಮೆಂಟಿನವರು, ಬಾವಿಯೊಳಗೆ ಉಪಕರಣ ಇಳಿಸಿ ಬಂಡೆ ಅಳೆಯುವ ಲಾಗಿಂಗ್ ತಂಡ, ಸರಕು ತರುವ ದೋಣಿ, ಹೆಲಿಕಾಪ್ಟರ್ ಎಲ್ಲವೂ ದಿನದ ಲೆಕ್ಕದಲ್ಲೇ ನಿಂತಿರುತ್ತವೆ. ಕೇಸಿಂಗಿನ ಉಕ್ಕು, ಬಾವಿಯ ಬಾಯಿಗೆ ಕೂರಿಸುವ ವೆಲ್‌ಹೆಡ್ ಇಂಥ ಕೆಲವು ವಸ್ತುಗಳ ಬೆಲೆ ಮಾತ್ರ ದಿನಗಳಿಗೆ ಅಂಟಿಕೊಂಡಿಲ್ಲ. ಮಿಕ್ಕ ದೊಡ್ಡ ಪಾಲನ್ನು ನಡೆಸುವುದು ಗಡಿಯಾರ.

ಪ್ರತಿ ಬಾವಿಗೂ ಕೊರೆತದ ಎಂಜಿನಿಯರುಗಳು ಒಂದು ನಕ್ಷೆ ಬರೆಯುತ್ತಾರೆ. ಅಡ್ಡಕ್ಕೆ ದಿನಗಳು, ಕೆಳಕ್ಕೆ ಆಳ. ಗೆರೆ ಕೆಳಗಿಳಿಯುತ್ತಿದ್ದರೆ ಬಾವಿ ಆಳವಾಗುತ್ತಿದೆ, ಸಪಾಟಾಗಿ ಓಡಿದರೆ ದಿನ ಕಳೆಯುತ್ತಿದೆ, ಆಳ ಹೆಚ್ಚುತ್ತಿಲ್ಲ. ಮೊದಲ ಸಲ ಈ ನಕ್ಷೆ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಬಿಟ್ಟು ನಿಜವಾಗಿ ಬಂಡೆ ಕಡಿಯುತ್ತಿರುವ ಸಮಯ ಒಟ್ಟು ಸಮಯದ ಅರ್ಧಕ್ಕಿಂತ ಕಡಿಮೆ ಇರುವುದೇ ಸಾಮಾನ್ಯ. ಉಳಿದ ಹೊತ್ತೆಲ್ಲ ಪೈಪುಗಳನ್ನು ಮೇಲೆತ್ತಿ ಬಿಟ್ಟು ಬದಲಿಸುವುದು, ಕೇಸಿಂಗ್ ಇಳಿಸುವುದು, ಸಿಮೆಂಟು ಗಟ್ಟಿಯಾಗಲೆಂದು ಕಾಯುವುದು, ಬಾವಿಯ ಬಾಯಿ ಮುಚ್ಚುವ ಕವಾಟಗಳನ್ನು ಪರೀಕ್ಷಿಸುವುದು, ಬಂಡೆ ಅಳೆಯುವುದು. ಪೈಪು ಒಳಗೇ ಕಚ್ಚಿಕೊಂಡರೆ, ಮುರಿದುಬಿದ್ದರೆ, ಅದನ್ನು ಹಿಡಿದೆತ್ತಲು ದಿನಗಟ್ಟಲೆ ‘ಫಿಶಿಂಗ್’ ನಡೆಯುತ್ತದೆ.

ಈ ಸಪಾಟು ಗೆರೆಯನ್ನೇ ಮೊಟಕು ಮಾಡಿದ ಒಂದೆರಡು ಯಂತ್ರಗಳ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ರಿಗ್ಗುಗಳಲ್ಲಿ ಕೊರೆಯುವಾಗ ಸುಮಾರು 30 ಅಡಿಯ ಒಂದೊಂದೇ ಪೈಪು ಜೋಡಿಸಬೇಕಿತ್ತು. 1980ರ ದಶಕದಲ್ಲಿ ಬಂದ ಟಾಪ್ ಡ್ರೈವ್ ಪೈಪಿನ ಸಾಲನ್ನು ಮೇಲಿನಿಂದಲೇ ಹಿಡಿದು ತಿರುಗಿಸಿತು. ಮೂರು ಪೈಪುಗಳ 90 ಅಡಿ ಜೋಡಿಯನ್ನು ಒಮ್ಮೆಗೇ ಕೂಡಿಸುವುದು ಸಾಧ್ಯವಾಯಿತು. ಪೈಪು ಮೇಲೆತ್ತುವಾಗಲೂ ತಿರುಗಿಸಬಹುದು, ಮಡ್ ಹರಿಸಬಹುದು, ಆದ್ದರಿಂದ ಪೈಪು ಕಚ್ಚಿಕೊಳ್ಳುವುದು ಕಡಿಮೆಯಾಯಿತು. ಭೂಮಿಯ ಮೇಲಿನ ರಿಗ್ಗುಗಳಿಗೆ ಮುಂದೆ ಕಾಲುಗಳೇ ಬಂದವು. ಒಂದು ಬಾವಿ ಮುಗಿದ ಮೇಲೆ ರಿಗ್ಗನ್ನು ಬಿಚ್ಚಿ, ಲಾರಿಗಳಿಗೆ ಹೇರಿ, ಮತ್ತೆ ಕಟ್ಟುವ ಬದಲು, ನಿಂತ ನಿಲುವಿನಲ್ಲೇ ಕೆಲವು ಮೀಟರ್ ಸರಿದು ಪಕ್ಕದ ಬಾವಿಗೆ ಕೂರುವ ರಿಗ್ಗುಗಳು ಇಂದು ಅಮೆರಿಕದ ಶೇಲ್ ಪ್ರದೇಶಗಳಲ್ಲಿ ಸಾಮಾನ್ಯ.

ಇಲ್ಲಿ ಒಂದು ಭೇದವನ್ನು ಹೇಳಿಬಿಡುತ್ತೇನೆ. ಈ ಉಪನ್ಯಾಸದ ತಿರುಳೇ ಅದು. ಬಾವಿಯ ಮೇಲೆ ಕಳೆಯುವ ಆಳ ಹೆಚ್ಚದ ಹೊತ್ತಿನಲ್ಲಿ ಎರಡು ಜಾತಿ ಇದೆ. ಕೆಲವು ಗಂಟೆಗಳು ನಮಗೆ ಏನನ್ನೂ ಕೊಡುವುದಿಲ್ಲ. ಲಾರಿ ಬರಲಿಲ್ಲ, ಪಂಪು ಕೆಟ್ಟಿತು, ಪೈಪು ಜೋಡಿಸುವುದು ತಡವಾಯಿತು. ಇನ್ನು ಕೆಲವು ಗಂಟೆಗಳು ಬಾವಿಯ ಸ್ಥಿತಿಯನ್ನು ನಮಗೆ ತಿಳಿಸುತ್ತವೆ. ಒತ್ತಡದ ಪರೀಕ್ಷೆ, ಸಿಮೆಂಟಿನ ಪರೀಕ್ಷೆ, ಬಂಡೆಯ ಅಳತೆ. ಖರ್ಚಿನ ಪಟ್ಟಿಯಲ್ಲಿ ಎರಡೂ ಒಂದೇ ಬೆಲೆಗೆ ಕಾಣುತ್ತವೆ. ಎರಡನ್ನೂ ಒಂದೇ ಕತ್ತರಿಯಿಂದ ಕತ್ತರಿಸಿದವರು ದೊಡ್ಡ ಬೆಲೆ ತೆತ್ತಿದ್ದಾರೆ. ಆ ಕಥೆ ಕೊನೆಯ ಭಾಗಕ್ಕಿರಲಿ.

ಈಗ ಎರಡನೆಯ ಭಾಗ: ಬಿಟ್ಟು, ಮಡ್, ಕೇಸಿಂಗ್.

ನೆಲವನ್ನು ಕುಟ್ಟಿ ಕುಟ್ಟಿ ಕೊರೆಯುವುದು ಬಹಳ ಹಳೆಯ ವಿದ್ಯೆ. ಚೀನಾದ ಸಿಚುವಾನ್ ಪ್ರಾಂತದ ಝಿಗೊಂಗ್‌ನಲ್ಲಿ ಉಪ್ಪುನೀರಿಗಾಗಿ ಹೀಗೆ ಕೊರೆದ ಶೆನ್‌ಹಾಯ್ ಬಾವಿ 1835ರಲ್ಲಿ 1,001 ಮೀಟರ್ ಮುಟ್ಟಿತ್ತು. 1859ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ತೈಲ ಕಂಡದ್ದೂ ಕುಟ್ಟುವ ವಿಧಾನದಿಂದಲೇ, ಬರೀ ಎಪ್ಪತ್ತು ಅಡಿಯ ಆಸುಪಾಸಿನಲ್ಲಿ. ಮೇಲ್ಪದರದ ಸಡಿಲ ಮಣ್ಣು ಕುಸಿದು ಬಾವಿ ಮುಚ್ಚಿಹೋಗುತ್ತಿದ್ದಾಗ ಅವನು ಕಬ್ಬಿಣದ ಕೊಳವೆಯನ್ನು ಗಟ್ಟಿ ಬಂಡೆಯವರೆಗೆ ಹೊಡೆದಿಳಿಸಿ ಅದರೊಳಗಿನಿಂದ ಕೊರೆಸಿದ. ಇಂದಿನ ಕೇಸಿಂಗಿನ ವಿಚಾರ ಅಲ್ಲೇ ಇದೆ.

ಮುಂದಿನ ದೊಡ್ಡ ತಿರುವು 1901ರ ಜನವರಿ 10ರಂದು ತೈಲ ಚಿಮ್ಮಿದ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್. ಅಲ್ಲಿ ಹ್ಯಾಮಿಲ್ ಸಹೋದರರು ಬಳಸಿದ್ದು ತಿರುಗಿಸಿ ಕೊರೆಯುವ ರೋಟರಿ ವಿಧಾನ. ಮರಳಿನ ಪದರ ಕುಸಿಯುತ್ತಿತ್ತು, ಬರೀ ನೀರು ಅದನ್ನು ತಡೆಯಲಿಲ್ಲ. ನೀರಿನ ಹೊಂಡದಲ್ಲಿ ದನಗಳನ್ನು ಓಡಾಡಿಸಿ ಕೆಸರು ಮಾಡಿ, ಆ ಕೆಸರನ್ನೇ ಬಾವಿಗೆ ಹರಿಸಿದರು ಎಂಬ ಕಥೆ ತೈಲದವರ ನಡುವೆ ಇಂದಿಗೂ ಪ್ರಸಿದ್ಧ. ಕೆಸರು ಗೋಡೆಗೆ ಮೆತ್ತಿಕೊಂಡು ಬಾವಿಯನ್ನು ಹಿಡಿದು ನಿಲ್ಲಿಸಿತು. ಇಂದಿನ ಮಡ್ ಅದರ ವಂಶದ್ದೇ. 1909ರಲ್ಲಿ ಹೋವರ್ಡ್ ಹ್ಯೂಸ್ ಸೀನಿಯರ್ ಎರಡು ಹಲ್ಲುಗಾಲಿಗಳು ಉರುಳಿ ಬಂಡೆಯನ್ನು ಪುಡಿಮಾಡುವ ಬಿಟ್ಟಿಗೆ ಪೇಟೆಂಟ್ ಪಡೆದ. 1930ರ ದಶಕದಲ್ಲಿ ಅದಕ್ಕೆ ಮೂರನೆಯ ಗಾಲಿ ಸೇರಿತು. 1970ರ ದಶಕದಲ್ಲಿ ಕೃತಕ ವಜ್ರದ ಬಿಲ್ಲೆಗಳನ್ನು ಕೂರಿಸಿದ ಪಿಡಿಸಿ ಬಿಟ್ಟು ಬಂತು. ಇದರಲ್ಲಿ ಉರುಳುವ ಭಾಗವೇ ಇಲ್ಲ, ಬಂಡೆಯನ್ನು ಹೆರೆಯುತ್ತಾ ಹೋಗುತ್ತದೆ. ಜಗತ್ತಿನಲ್ಲಿ ಇಂದು ಕೊರೆಯುವ ತೈಲಬಾವಿಗಳ ಆಳದಲ್ಲಿ ಹೆಚ್ಚಿನ ಪಾಲು ಈ ಬಿಟ್ಟಿನದು.

ಪಿಡಿಸಿ ಬಿಟ್ಟು ದುಬಾರಿ. ದುಬಾರಿ ವಸ್ತು ಖರ್ಚನ್ನು ಇಳಿಸುವುದು ಹೇಗೆ? ವಿದ್ಯಾರ್ಥಿಗಳು ದಯವಿಟ್ಟು ಒಂದು ಲೆಕ್ಕ ಬರೆದುಕೊಳ್ಳಿ. ಮೀಟರಿಗೆ ಬೀಳುವ ಖರ್ಚು ತಿಳಿಯಬೇಕಾದರೆ, ಕೊರೆಯಲು ಹಿಡಿದ ಗಂಟೆಗಳಿಗೆ ಬಿಟ್ಟನ್ನು ಇಳಿಸಿ ಎತ್ತುವ ಗಂಟೆಗಳನ್ನು ಕೂಡಿಸಿ, ರಿಗ್ಗಿನ ಗಂಟೆಯ ಬಾಡಿಗೆಯಿಂದ ಗುಣಿಸಿ, ಬಿಟ್ಟಿನ ಬೆಲೆ ಸೇರಿಸಿ, ಕೊರೆದ ಮೀಟರುಗಳಿಂದ ಭಾಗಿಸಬೇಕು. ವಿವರಣೆಗಾಗಿ ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ರಿಗ್ಗಿಗೆ ಗಂಟೆಗೆ 1 ಲಕ್ಷ ರೂಪಾಯಿ. ಮೊದಲ ಬಿಟ್ಟಿಗೆ 5 ಲಕ್ಷ. ಅದು 20 ಗಂಟೆಯಲ್ಲಿ 100 ಮೀಟರ್ ಕೊರೆದು ಸವೆಯುತ್ತದೆ, ಇಳಿಸಿ ಎತ್ತಲು 10 ಗಂಟೆ. ಒಟ್ಟು 35 ಲಕ್ಷ, ಮೀಟರಿಗೆ 35,000 ರೂಪಾಯಿ. ಎರಡನೆಯ ಬಿಟ್ಟಿಗೆ 25 ಲಕ್ಷ, ಐದು ಪಟ್ಟು. ಅದು 50 ಗಂಟೆಯಲ್ಲಿ 400 ಮೀಟರ್ ಕೊರೆಯುತ್ತದೆ, ಇಳಿಸಿ ಎತ್ತಲು ಅದೇ 10 ಗಂಟೆ. ಒಟ್ಟು 85 ಲಕ್ಷ, ಮೀಟರಿಗೆ 21,250 ರೂಪಾಯಿ. ಐದು ಪಟ್ಟು ಬೆಲೆಯ ಬಿಟ್ಟು ಮೀಟರಿನ ಖರ್ಚನ್ನು ಹೆಚ್ಚುಕಡಿಮೆ ಶೇ. 40ರಷ್ಟು ಇಳಿಸಿತು.

ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಬೇಡಿ. ರಿಗ್ಗಿನ ಬಾಡಿಗೆ ಗಂಟೆಗೆ 10,000 ಎಂದಿಟ್ಟು ಮತ್ತೆ ಮಾಡಿ. ಮೊದಲ ಬಿಟ್ಟಿಗೆ ಮೀಟರಿಗೆ 8,000, ಎರಡನೆಯದಕ್ಕೆ 7,750. ಲಾಭ ಬಹುತೇಕ ಮಾಯ. ಅಗ್ಗದ ಬಿಟ್ಟು ಯಾವುದು ಎಂಬುದು ಅಂಗಡಿಯ ಬೆಲೆಪಟ್ಟಿಯಲ್ಲಿ ಸಿಗುವುದಿಲ್ಲ, ಅದು ಯಾವ ರಿಗ್ಗಿನ ಕೆಳಗೆ, ಎಷ್ಟು ಆಳದಲ್ಲಿ ತಿರುಗುತ್ತಿದೆ ಎಂಬುದರಲ್ಲಿ ಸಿಗುತ್ತದೆ. ಬಾವಿ 3,000 ಮೀಟರ್ ಆಳವಿದ್ದರೆ ಒಂದು ಬಿಟ್ಟು ಬದಲಿಸಲು ನೂರಕ್ಕೂ ಮಿಕ್ಕಿದ ಪೈಪು ಜೋಡಿಗಳನ್ನು ಒಂದೊಂದಾಗಿ ಬಿಚ್ಚಿ ಎತ್ತಬೇಕು, ಮತ್ತೆ ಕೂಡಿಸಿ ಇಳಿಸಬೇಕು. ಖರೀದಿ ವಿಭಾಗದ ಅಧಿಕಾರಿ ಬಿಟ್ಟಿನ ಬೆಲೆಯನ್ನಷ್ಟೇ ನೋಡಿ, ಕೊರೆಯುವ ಎಂಜಿನಿಯರ್ ಗಂಟೆಯನ್ನಷ್ಟೇ ನೋಡಿದರೆ ಇಬ್ಬರಿಗೂ ಸರಿ ಉತ್ತರ ದೊರೆಯುವುದಿಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಈ ಲೆಕ್ಕ ಮಾಡಬೇಕು.

ಮಡ್ ವಿಚಾರಕ್ಕೆ ಬಂದರೆ ನಮ್ಮ ನೆರೆಹೊರೆಯ ನಂಟು ಕಾಣುತ್ತದೆ. ಮಡ್ ಭಾರವಾಗಲು ಅದಕ್ಕೆ ಬೆರೆಸುವ ಬರೈಟ್ ಖನಿಜದ ಬಹುದೊಡ್ಡ ನಿಕ್ಷೇಪ ಆಂಧ್ರದ ಮಂಗಂಪೇಟೆಯಲ್ಲಿದೆ. ಕೊರೆದ ಮೇಲೆ ಶೇಲ್ ಬಂಡೆಯನ್ನು ಸೀಳುವ ದ್ರವವನ್ನು ಮಂದ ಮಾಡಲು ಬೇಕಾಗುವ ಗೌರ್ ಗೋಂದು ರಾಜಸ್ಥಾನದ ಹೊಲಗಳಿಂದ ಹೋಗುತ್ತದೆ. ನಾವು ಪಲ್ಯ ಮಾಡಿ ತಿನ್ನುವ ಗೋರಿಕಾಯಿಯ ಬೀಜವೇ ಅದು. 2012ರಲ್ಲಿ ಅದರ ಬೆಲೆ ಆಕಾಶಕ್ಕೇರಿದಾಗ ಅಮೆರಿಕದ ದೊಡ್ಡ ತೈಲಸೇವಾ ಕಂಪನಿಗಳ ಲಾಭಕ್ಕೇ ಏಟು ಬಿದ್ದಿತ್ತು.

ಮಡ್‌ನ ಭಾರ ಬಂಡೆಯೊಳಗಿನ ದ್ರವದ ಒತ್ತಡಕ್ಕಿಂತ ಕಡಿಮೆಯಾದರೆ ಅನಿಲ, ತೈಲ ಬಾವಿಯೊಳಕ್ಕೆ ನುಗ್ಗುತ್ತವೆ. ಬಂಡೆ ತಾಳುವ ಮಿತಿಯನ್ನು ಮೀರಿದರೆ ಅದು ಬಿರುಕು ಬಿಟ್ಟು ಮಡ್ ಸೋರಿಹೋಗುತ್ತದೆ, ಬಿಟ್ಟೂ ನಿಧಾನವಾಗುತ್ತದೆ. ಈ ಎರಡು ಮಿತಿಗಳ ನಡುವಿನ ಓಣಿಯಲ್ಲಿ ಬಾವಿ ಸಾಗಬೇಕು. ಓಣಿ ಇಕ್ಕಟ್ಟಾದಾಗಲೆಲ್ಲ ನಿಂತು, ಕೇಸಿಂಗ್ ಇಳಿಸಿ, ಸಿಮೆಂಟು ಹಾಕಿ, ಇನ್ನೂ ಸಣ್ಣ ಬಿಟ್ಟಿನಿಂದ ಮುಂದುವರಿಯಬೇಕು. ಭೂವಿಜ್ಞಾನಿ ಒತ್ತಡದ ಅಂದಾಜನ್ನು ಸರಿಯಾಗಿ ಕೊಟ್ಟು ಒಂದು ಕೇಸಿಂಗ್ ಹಂತ ತಪ್ಪಿದರೂ ಉಕ್ಕು, ಸಿಮೆಂಟು, ದಿನಗಳು ಮೂರೂ ಉಳಿಯುತ್ತವೆ. ಬಾವಿ ಅಗ್ಗವಾಗುವ ಕೆಲಸ ರಿಗ್ ಬರುವ ಎಷ್ಟೋ ಮೊದಲೇ, ಕಚೇರಿಯ ಮೇಜಿನ ಮೇಲೆ ಶುರುವಾಗುತ್ತದೆ.

ಇನ್ನು ಮೂರನೆಯ ಭಾಗ, ಕಲಿಕೆ ಮತ್ತು ಕರಾರು.

ಬಂಡೆ ಗಟ್ಟಿ, ಆದ್ದರಿಂದ ಕೊರೆತ ನಿಧಾನ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸುವ ವಿಚಾರ ಬಂದದ್ದು ಗಣಿಗಾರಿಕೆಯ ಕಡೆಯಿಂದ. 1965ರಲ್ಲಿ ಆರ್. ಟೀಲ್ ಎಂಬ ಸಂಶೋಧಕರು ಬಂಡೆಯ ಒಂದು ಘನ ಅಳತೆಯನ್ನು ಕಡಿಯಲು ಎಷ್ಟು ಶಕ್ತಿ ಬೇಕು ಎಂಬುದನ್ನು ಸೂತ್ರವಾಗಿ ಬರೆದರು. ಕೊರೆತ ಚೆನ್ನಾಗಿ ಸಾಗುತ್ತಿದ್ದಾಗ ಆ ಸಂಖ್ಯೆ ಬಂಡೆಯ ಬಲದ ಹತ್ತಿರ ಹತ್ತಿರ ಇರುತ್ತದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಶಕ್ತಿ ಬಂಡೆಗೆ ಹೋಗುತ್ತಿಲ್ಲ, ಬೇರೆಲ್ಲೋ ಪೋಲಾಗುತ್ತಿದೆ. ಸುಮಾರು ನಾಲ್ಕು ದಶಕಗಳ ನಂತರ ಎಕ್ಸಾನ್‌ಮೊಬಿಲ್ ಕಂಪನಿಯಲ್ಲಿದ್ದ ಫ್ರೆಡ್ ಡುಪ್ರೀಸ್ಟ್ ಮತ್ತು ಜೊತೆಗಾರರು ಈ ಸಂಖ್ಯೆಯನ್ನು ಡ್ರಿಲ್ಲರನ ಕಣ್ಣೆದುರಿನ ಪರದೆಗೇ ತಂದರು. ಕೊರೆಯುತ್ತಿರುವ ಕ್ಷಣದಲ್ಲೇ ಅವನಿಗೆ ಗೊತ್ತಾಯಿತು: ಬಿಟ್ಟಿಗೆ ಜೇಡಿ ಮೆತ್ತಿದೆಯೇ, ಕಿಲೋಮೀಟರುಗಟ್ಟಲೆ ಉದ್ದದ ಪೈಪಿನ ಸಾಲು ತಿರುಚಿಕೊಂಡು, ತಳದಲ್ಲಿ ತಡೆದು ತಡೆದು ಒಮ್ಮೆಲೇ ಗಿರ್ರನೆ ತಿರುಗಿ ವಜ್ರದ ಬಿಲ್ಲೆಗಳನ್ನು ಒಡೆಯುತ್ತಿದೆಯೇ, ಎಂದು. ತಡೆ ಯಾವುದೆಂದು ಗುರುತಿಸು, ಅದನ್ನು ತೆಗೆಯಲು ವಿನ್ಯಾಸ ಬದಲಿಸು, ಮುಂದಿನ ತಡೆಯನ್ನು ಹುಡುಕು. ಪದ್ಧತಿ ಇಷ್ಟೇ. ಹೊಸ ಯಂತ್ರಕ್ಕಿಂತ ಇದು ಹೆಚ್ಚು ಉಳಿಸಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದರಲ್ಲಿ ರಿಗ್ಗಿನ ಮೇಲೆ ನಿಂತ ಮನುಷ್ಯನಿಗೆ ಕಾರಣ ತಿಳಿಯುತ್ತದೆ.

1990ರ ದಶಕದಲ್ಲಿ ಆಸ್ಟ್ರೇಲಿಯದ ವುಡ್‌ಸೈಡ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಬಾವಿಯ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಎಲ್ಲವೂ ಸರಿಯಾಗಿ ನಡೆದರೆ ಪ್ರತಿ ಹೆಜ್ಜೆಗೆ ಕನಿಷ್ಠ ಎಷ್ಟು ಹೊತ್ತು ಸಾಕು ಎಂದು ರಿಗ್ಗಿನ ಕೆಲಸಗಾರರನ್ನೇ ಕೂರಿಸಿಕೊಂಡು ಕೇಳಿತು. ಆ ಕನಿಷ್ಠಕ್ಕೂ ವಾಸ್ತವಕ್ಕೂ ನಡುವೆ ಇರುವ ಅಂತರವೇ ತೆಗೆದುಹಾಕಬಹುದಾದ ಹೊತ್ತು. ಒಂದೇ ಪ್ರದೇಶದಲ್ಲಿ ಒಂದೇ ತಂಡ ಬಾವಿಯ ಮೇಲೆ ಬಾವಿ ಕೊರೆದಂತೆ ದಿನಗಳು ಇಳಿಯುತ್ತಾ ಹೋಗುತ್ತವೆ. ತಂಡವನ್ನು ಚದುರಿಸಿದರೆ ಕಲಿತದ್ದು ಅವರೊಂದಿಗೇ ಹೋಗುತ್ತದೆ, ಹೊಸಬರು ಮೊದಲಿನಿಂದ ಆರಂಭಿಸುತ್ತಾರೆ. ಎರಡು ಬಾವಿ ಕೊರೆದು ಆರು ತಿಂಗಳು ಕೆಲಸ ನಿಲ್ಲಿಸುವ ಯೋಜನೆಗಳು ಕಾಗದದ ಮೇಲೆ ಹಣ ಉಳಿಸಿದಂತೆ ಕಂಡರೂ ಬಾವಿಯ ಮೇಲೆ ಕಳೆಯುತ್ತವೆ.

ಕೆಲವೊಮ್ಮೆ ಉಳಿತಾಯವೆಂದರೆ ಒಂದೊಂದು ಬಾವಿಗೆ ಹೆಚ್ಚು ಖರ್ಚು ಮಾಡುವುದೇ ಆಗಿರುತ್ತದೆ. ಇಂಗ್ಲೆಂಡಿನ ದಕ್ಷಿಣದ ವಿಚ್ ಫಾರ್ಮ್‌ನಲ್ಲಿ ತೈಲದ ಒಂದು ಭಾಗ ಪೂಲ್ ಕೊಲ್ಲಿಯ ಕೆಳಗಿತ್ತು. ಅಲ್ಲಿ ಕೃತಕ ದ್ವೀಪ ಕಟ್ಟುವ ಯೋಜನೆ ಇತ್ತು. ಅದನ್ನು ಕೈಬಿಟ್ಟು ಬಿಪಿ ಕಂಪನಿ ದಡದಿಂದಲೇ ಓರೆಯಾಗಿ ಕೊರೆಯತೊಡಗಿತು. 1998ರಲ್ಲಿ ಒಂದು ಬಾವಿ ಅಡ್ಡಕ್ಕೆ 10 ಕಿಲೋಮೀಟರ್ ದಾಟಿತು. ಬಾವಿಗಳು ದುಬಾರಿಯಾದವು, ದ್ವೀಪದ ಖರ್ಚು ಇಡಿಯಾಗಿ ಉಳಿಯಿತು, ಆ ಸುಂದರ ಕರಾವಳಿಯೂ ಉಳಿಯಿತು.

ಕರಾರಿನ ಮಾತು ಸ್ವಲ್ಪ ಸೂಕ್ಷ್ಮ. ದಿನಬಾಡಿಗೆಯ ಕರಾರಿನಲ್ಲಿ ಗುತ್ತಿಗೆದಾರನಿಗೆ ಅವಸರವಿರುವುದಿಲ್ಲ. ಅಡಿಯ ಲೆಕ್ಕದ ಕರಾರಿನಲ್ಲಿ ಅವಸರ ಅತಿಯಾಗಬಹುದು. ಉತ್ತರ ಸಮುದ್ರದಲ್ಲಿ 1990ರ ದಶಕದಲ್ಲಿ ಆಂಡ್ರೂ ಎಂಬ ತೈಲನೆಲೆಯನ್ನು ಕಂಪನಿ ಮತ್ತು ಗುತ್ತಿಗೆದಾರರು ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವ ಒಪ್ಪಂದದ ಮೇಲೆ ಕಟ್ಟಿದರು. ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ, ಹೇಳಿದ ಸಮಯಕ್ಕಿಂತ ಮೊದಲು, 1996ರಲ್ಲಿ ತೈಲ ಬಂತು. ಅತಿ ಕಡಿಮೆ ದರ ಬರೆದವನಿಗೇ ರಿಗ್ಗಿನ ಗುತ್ತಿಗೆ ಕೊಡುವುದು ನಮ್ಮ ಟೆಂಡರ್ ಪದ್ಧತಿಯ ಸಹಜ ಒಲವು. ಪ್ರಾಮಾಣಿಕತೆಯ ಕಾವಲಿಗಾಗಿ ಹುಟ್ಟಿದ ಪದ್ಧತಿ ಅದು, ಅದಕ್ಕೆ ಗೌರವ ಸಲ್ಲಬೇಕು. ಆದರೆ ದಿನಕ್ಕೆ ಕಡಿಮೆ ಬಾಡಿಗೆಯ ಹಳೆಯ ರಿಗ್ ಹತ್ತು ದಿನ ಹೆಚ್ಚು ತೆಗೆದುಕೊಂಡರೆ ಬಾವಿ ದುಬಾರಿಯೇ. ಟೆಂಡರಿನಲ್ಲಿ ತೂಗಬೇಕಾದ್ದು ಮುಗಿದ ಬಾವಿಯ ಖರ್ಚನ್ನು.

ಇದೇ ಮಾತಿಗೆ ಸೇರಿದ ಇನ್ನೊಂದು ಎಚ್ಚರ. 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತೈಲಕ್ಕಾಗಿ ಕೊರೆಯುತ್ತಿದ್ದ ರಿಗ್ಗುಗಳು 1,600ಕ್ಕೂ ಹೆಚ್ಚು. ತೈಲದ ಬೆಲೆ ಕುಸಿದ ಮೇಲೆ, 2016ರ ಮೇ ಹೊತ್ತಿಗೆ 320ಕ್ಕಿಂತ ಕಡಿಮೆ. 2018ರಲ್ಲಿ ರಿಗ್ಗುಗಳು 900ನ್ನೂ ಮುಟ್ಟಲಿಲ್ಲ, ಉತ್ಪಾದನೆ ಮಾತ್ರ 2014ರದ್ದನ್ನು ಮೀರಿ ದಿನಕ್ಕೆ 1 ಕೋಟಿ ಬ್ಯಾರೆಲ್ ದಾಟಿತು. ಇದರಲ್ಲಿ ನಿಜವಾದ ದಕ್ಷತೆ ಬಹಳ ಇದೆ. ಜೊತೆಗೆ, ಕೆಲಸವಿಲ್ಲದೆ ಕೂತ ರಿಗ್ಗಿನವರು ಅರ್ಧ ದರಕ್ಕೆ ಒಪ್ಪಿಕೊಂಡದ್ದೂ ಇದೆ, ಸಾವಿರಾರು ಜನ ಕೆಲಸ ಕಳೆದುಕೊಂಡದ್ದೂ ಇದೆ. ಆಳಸಮುದ್ರದ ಹಡಗುಗಳ ಬಾಡಿಗೆ ಆ ವರ್ಷಗಳಲ್ಲಿ 2 ಲಕ್ಷ ಡಾಲರಿಗಿಂತ ಕೆಳಗಿಳಿದು, ಬೇಡಿಕೆ ಮರಳಿದಾಗ ಮತ್ತೆ 4 ಲಕ್ಷ ದಾಟಿತು. ಕಲಿಕೆಯಿಂದ ಇಳಿದ ಖರ್ಚು ಇಳಿದೇ ಇರುತ್ತದೆ. ಇನ್ನೊಬ್ಬರ ಕೈ ತಿರುಚಿ ಇಳಿಸಿದ್ದು ಮಾರುಕಟ್ಟೆ ಬದಲಾದ ದಿನ ಹಿಂದಿರುಗುತ್ತದೆ. ಕಂಪನಿಗಳ ವರದಿಗಳಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಸರಿಯಲ್ಲ.

ಸಭಿಕರೆ, ಈಗ ಕೊನೆಯ ಭಾಗಕ್ಕೆ ಬಂದೆವು.

ಮೆಕ್ಸಿಕೊ ಕೊಲ್ಲಿಯಲ್ಲಿ, ಸುಮಾರು 1,500 ಮೀಟರ್ ನೀರಿನ ಕೆಳಗೆ, ಬಿಪಿ ಕಂಪನಿಯ ಮಕಾಂಡೊ ಬಾವಿಯನ್ನು ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಕೊರೆಯುತ್ತಿತ್ತು. 2010ರ ಏಪ್ರಿಲ್ ಹೊತ್ತಿಗೆ ಕೆಲಸ ಸುಮಾರು ಆರು ವಾರ ಹಿಂದೆ ಬಿದ್ದಿತ್ತು, ಖರ್ಚು ಅಂದಾಜಿಗಿಂತ 5.8 ಕೋಟಿ ಡಾಲರ್ ಹೆಚ್ಚಾಗಿತ್ತು. ಕೊನೆಯ ಕೇಸಿಂಗನ್ನು ಬಾವಿಯ ನಡುಮಧ್ಯೆ ಹಿಡಿದು ನಿಲ್ಲಿಸಲು 21 ಸೆಂಟ್ರಲೈಸರುಗಳು ಬೇಕೆಂದು ಲೆಕ್ಕ ಹೇಳುತ್ತಿತ್ತು. ಹಾಕಿದ್ದು 6. ಹೆಚ್ಚಿನವು ರಿಗ್ಗಿಗೆ ಬಂದರೂ ಅವು ಸರಿಯಾದ ಬಗೆಯವಲ್ಲ ಎಂದುಕೊಂಡು ಬಳಸಲಿಲ್ಲ. ಸಿಮೆಂಟು ಸರಿಯಾಗಿ ಕೂತಿದೆಯೇ ಎಂದು ಅಳೆಯಲು ಬಂದಿದ್ದ ತಂಡವನ್ನು ಏಪ್ರಿಲ್ 20ರ ಬೆಳಿಗ್ಗೆ ಅಳತೆ ಬೇಡವೆಂದು ವಾಪಸು ಕಳಿಸಿದರು. ಆ ಅಳತೆಗೆ ತಗಲುತ್ತಿದ್ದದ್ದು ಸುಮಾರು 1.28 ಲಕ್ಷ ಡಾಲರ್. ಅಂದು ಸಂಜೆ ಬಾವಿ ಮುಚ್ಚಿದೆಯೇ ಎಂದು ನೋಡುವ ಒತ್ತಡದ ಪರೀಕ್ಷೆ ನಡೆಯಿತು. ಬಾವಿ ಮುಚ್ಚಿಲ್ಲ ಎಂದು ಮೀಟರು ತೋರಿಸಿತು. ಅದಕ್ಕೆ ಬೇರೆ ವಿವರಣೆ ಹುಡುಕಿಕೊಂಡು ಕೆಲಸ ಮುಂದುವರಿಸಿದರು. ರಾತ್ರಿ ಅನಿಲ ಮೇಲೆ ನುಗ್ಗಿ ಸ್ಫೋಟವಾಯಿತು. 11 ಜನ ಸತ್ತರು. 87 ದಿನ ತೈಲ ಸಮುದ್ರಕ್ಕೆ ಹರಿಯಿತು, ಅಮೆರಿಕ ಸರ್ಕಾರದ ಅಂದಾಜಿನಂತೆ ಸುಮಾರು 49 ಲಕ್ಷ ಬ್ಯಾರೆಲ್. ಬಿಪಿ ತೆತ್ತದ್ದು 6,500 ಕೋಟಿ ಡಾಲರಿಗೂ ಹೆಚ್ಚು.

ಅಧ್ಯಕ್ಷ ಒಬಾಮ ನೇಮಿಸಿದ ರಾಷ್ಟ್ರೀಯ ಆಯೋಗ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಉದ್ದೇಶವಿತ್ತೋ ಇಲ್ಲವೋ, ಅಪಾಯ ಹೆಚ್ಚಿಸಿದ ತೀರ್ಮಾನಗಳಲ್ಲಿ ಅನೇಕವು ಸಮಯ ಮತ್ತು ಹಣ ಉಳಿಸಿದ ತೀರ್ಮಾನಗಳೂ ಆಗಿದ್ದವು ಎಂಬುದು ಅದರ ಒಂದು ಮುಖ್ಯ ಮಾತು. ಮಕಾಂಡೊದಲ್ಲಿ ಉಳಿಸಿದ ಗಂಟೆಗಳು ಯಾವ ಜಾತಿಯವು ನೋಡಿ. ಲಾರಿಗೆ ಕಾದ ಹೊತ್ತಲ್ಲ, ಪಂಪು ಕೆಟ್ಟ ಹೊತ್ತಲ್ಲ. ಬಾವಿ ತನ್ನ ಸ್ಥಿತಿಯನ್ನು ಹೇಳಬಹುದಾಗಿದ್ದ ಹೊತ್ತು. ‘ಬೇಡ, ನಿಲ್ಲಿಸಿ’ ಎಂಬ ಉತ್ತರ ಬರಬಹುದಾದ ಯಾವ ಪರೀಕ್ಷೆಯನ್ನೂ ಉಳಿತಾಯದ ಪಟ್ಟಿಗೆ ಸೇರಿಸಕೂಡದು. ಅಂಥ ಪರೀಕ್ಷೆಯನ್ನು ಬಿಡುವ ಅಧಿಕಾರ ಖರ್ಚಿನ ಹೊಣೆ ಹೊತ್ತವರ ಕೈಯಲ್ಲಿ ಇರಲೂಕೂಡದು.

ನಮ್ಮ ದೇಶಕ್ಕೂ ಈ ಬೆಂಕಿ ಹೊಸದಲ್ಲ. 1995ರ ಜನವರಿಯಲ್ಲಿ ಆಂಧ್ರದ ಗೋದಾವರಿ ಬಯಲಿನ ಪಾಸರ್ಲಪೂಡಿಯಲ್ಲಿ ಒಎನ್‌ಜಿಸಿಯ ಬಾವಿ ಸ್ಫೋಟಿಸಿ ಎರಡು ತಿಂಗಳಿಗೂ ಹೆಚ್ಚು ಕಾಲ ಉರಿಯಿತು. 2020ರ ಮೇ 27ರಂದು ಅಸ್ಸಾಮಿನ ಬಾಗ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ ಬಾವಿ ದುರಸ್ತಿಯ ವೇಳೆ ಹತೋಟಿ ತಪ್ಪಿತು, ಜೂನ್ 9ರಂದು ಹೊತ್ತಿಕೊಂಡಿತು. ಬೆಂಕಿ ಆರಿಸುವ ಸಿಬ್ಬಂದಿ ಇಬ್ಬರು ತೀರಿಕೊಂಡರು. ಬೆಂಕಿ ಆರಿದ್ದು ನವೆಂಬರಿನಲ್ಲಿ. ಹತ್ತಿರದ ಮಾಗುರಿ ಜೌಗುಪ್ರದೇಶದ ಮೀನುಗಾರರು, ಟೀ ತೋಟದವರು, ಮನೆ ಬಿಟ್ಟು ಶಿಬಿರ ಸೇರಿದ ಹಳ್ಳಿಗರು ತೆತ್ತ ಬೆಲೆ ಯಾವ ಕಂಪನಿಯ ಬಾವಿ ಅಂದಾಜಿನಲ್ಲೂ ಬರೆದಿರುವುದಿಲ್ಲ. ನಾವು ಖರ್ಚು ಎಂದು ಕರೆಯುವ ಲೆಕ್ಕ ಅಷ್ಟು ಅಪೂರ್ಣ.

ಹಾಗಾದರೆ ಭಾರತಕ್ಕೆ ಅಗ್ಗದ ಬಾವಿ ಬೇಕೇ? ಖಂಡಿತ ಬೇಕು. ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾ ಹುಡುಕಿ, ಸಣ್ಣವೆಂದು ಬಿಟ್ಟಿದ್ದ 69 ತೈಲನೆಲೆಗಳನ್ನು ಬೇರೆಯವರಿಗೆ ಕೊಡುವ ನೀತಿ 2015ರಲ್ಲಿ ಬಂತು. ಇಂಥ ಕಡೆ ತೈಲ ಇರುವುದು ಗೊತ್ತು. ಬಾವಿ ಕೊರೆಯುವ ಹಣ ತೈಲದಿಂದ ಹುಟ್ಟುತ್ತದೆಯೇ ಎಂಬುದೊಂದೇ ಪ್ರಶ್ನೆ. ಮೀಟರಿನ ಖರ್ಚು ಇಳಿದರೆ ಭೂಪಟದಲ್ಲಿ ಸುಮ್ಮನೆ ಮಲಗಿರುವ ನೆಲೆಗಳು ಎದ್ದು ಕೂರುತ್ತವೆ.

ತೈಲದ ಕಾಲ ಮುಗಿಯುತ್ತಾ ಬಂತು, ಈ ವಿದ್ಯೆ ಇನ್ನೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ಉತ್ತರ ಅಮೆರಿಕದ ಯೂಟಾ ರಾಜ್ಯದಲ್ಲಿದೆ. ಅಲ್ಲಿ ಫೋರ್ಜ್ ಎಂಬ ಸರ್ಕಾರಿ ಪ್ರಯೋಗ ಕೇಂದ್ರದಲ್ಲಿ ಭೂಮಿಯ ಶಾಖದಿಂದ ವಿದ್ಯುತ್ ಪಡೆಯಲು ಬಿಸಿ ಗ್ರಾನೈಟಿಗೆ ಬಾವಿ ಕೊರೆದಿದ್ದಾರೆ. ಟೀಲ್ ಅವರ ಸೂತ್ರವನ್ನೂ ಡುಪ್ರೀಸ್ಟರ ಪದ್ಧತಿಯನ್ನೂ ಅಲ್ಲಿನ ತಂಡಕ್ಕೆ ಕಲಿಸಿದ ಮೇಲೆ ಪಿಡಿಸಿ ಬಿಟ್ಟು ಗ್ರಾನೈಟನ್ನೂ ವೇಗವಾಗಿ ಕೊರೆಯಿತು. ಅದರ ಪಕ್ಕದಲ್ಲೇ ಕೊರೆಯುತ್ತಿರುವ ಫರ್ವೊ ಕಂಪನಿ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೊದಲ ನಾಲ್ಕು ಅಡ್ಡಬಾವಿಗಳಲ್ಲೇ ಬಾವಿಯ ಖರ್ಚು 94 ಲಕ್ಷ ಡಾಲರಿನಿಂದ 48 ಲಕ್ಷಕ್ಕೆ ಇಳಿಯಿತು. ನಮ್ಮಲ್ಲಿಯೂ ಲಡಾಖಿನ ಪೂಗಾ ಕಣಿವೆಯ ಶಾಖಕ್ಕಾಗಿ ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಬಂಡೆಯ ಬಲವನ್ನು ಅಳೆಯುವ ವಿದ್ಯೆಗೆ ಕರ್ನಾಟಕದಲ್ಲಿ ನೆಲೆಯಿದೆ. ಕೋಲಾರದ ಚಿನ್ನದ ಗಣಿಯ ನಾಡಿನಲ್ಲಿ 1988ರಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಂದು ಬೆಂಗಳೂರಿನಿಂದ ಕೆಲಸ ಮಾಡುತ್ತಿದೆ. ಯಾಂತ್ರಿಕ, ಸಿವಿಲ್, ಭೂವಿಜ್ಞಾನ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಈ ಕಡೆ ಬರಬೇಕು.

ಬರುವವರಿಗೆ ನನ್ನದೊಂದು ಕೋರಿಕೆ. ಮಕಾಂಡೊ ಕುರಿತ ಆಯೋಗದ ವರದಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬಾವಿಯ ಕೊನೆಯ ದಿನಗಳ ಅಧ್ಯಾಯವನ್ನು ರಿಗ್ಗು, ಬಿಟ್ಟುಗಳ ಪಠ್ಯಗಳಿಗಿಂತ ಮೊದಲು ಓದಿ. ಅಧ್ಯಾಪಕರು ಅದನ್ನು ತರಗತಿಯಲ್ಲಿ ಪಾಠವಾಗಿಯೇ ಮಾಡಿಸಿ. ಖರ್ಚು ಇಳಿಸುವ ಸೂತ್ರಗಳನ್ನು ಅದಾದ ಮೇಲೆ ಕಲಿಸಿದರೆ ಸಾಕು.